ರಾಶಿಯ ಅಡಿಯ ಒದ್ದೆ ಕಾಳು

ಒಂದು ಕಾಮರ್ಸ್ ಕಾಲೇಜಿನ ವಿದ್ಯಾರ್ಥಿಗಳ ಮುಂದೆ ಮಾತಾಡಿದ್ದನ್ನು ಇಲ್ಲಿ ಬರೆದಿದ್ದೇನೆ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಬಿಟ್ಟಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಒಂದೆರಡನ್ನೂ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಮೊದಲು ಬೋರ್ಡಿನ ಮೇಲೆ ಐದು ಪದ ಬರೆಯುತ್ತೇನೆ. ಅಸಲು, ಬಾಕಿ, ಜಮಾ, ವಸೂಲಿ, ನಗದು. ನಿಮ್ಮ ಅಜ್ಜನ ಕಿರ್ದಿ ಪುಸ್ತಕದಲ್ಲಿ ಇವು ಇದ್ದವು. ನಿಮ್ಮೂರಿನ ಸೊಸೈಟಿಯ ಪಾಸ್‌ಬುಕ್ಕಿನಲ್ಲಿ ಇವತ್ತೂ ಇವೆ. ಐದೂ ಅರಬ್ಬಿ ಮೂಲದ ಪದಗಳು. ಪಾರ್ಸಿ, ಉರ್ದು, ಮರಾಠಿ ದಾರಿಯಲ್ಲಿ ನಡೆದು ಬಂದು ಇಲ್ಲಿ ಕನ್ನಡವೇ ಆಗಿಬಿಟ್ಟಿವೆ. ಆರನೆಯದು ಹಿಸಾಬು. ಅದು ಹಾಗೇ ಬೋರ್ಡಿನ ಮೇಲೆ ಇರಲಿ, ಆಮೇಲೆ ಬೇಕಾಗುತ್ತದೆ.

'ಇಸ್ಲಾಮಿಕ್ ಹಣಕಾಸಿನಲ್ಲಿ ಪರಿಸರದ ಲೆಕ್ಕ' ಅಂತ ವಿಷಯ ಹೇಳಿದಾಗ ನಿಮ್ಮ ಮೇಷ್ಟ್ರು ಸ್ವಲ್ಪ ಹಿಂದೆ ಮುಂದೆ ನೋಡಿದರು. ಸರ್, ಸಿಲೆಬಸ್‌ನಲ್ಲಿ ಇಲ್ವಲ್ಲ ಅಂದರು. ಇಲ್ಲ, ನಿಜ. ನಾನು ಮೌಲ್ವಿಯೂ ಅಲ್ಲ, ಪರಿಸರ ವಿಜ್ಞಾನಿಯೂ ಅಲ್ಲ. ಲೆಕ್ಕದವನು. ಕೆಲವು ವರ್ಷ ಬಹರೈನ್‌ನಲ್ಲಿ ಆಡಿಟ್ ಕೆಲಸ ಮಾಡಿಕೊಂಡಿದ್ದೆ. ಅಲ್ಲಿನ ಬ್ಯಾಂಕುಗಳ ಪುಸ್ತಕ ನೋಡುವಾಗ ತಲೆಯಲ್ಲಿ ಕೂತ ಒಂದು ಪ್ರಶ್ನೆ ಇನ್ನೂ ಇಳಿದಿಲ್ಲ. ಅದನ್ನೇ ನಿಮ್ಮ ಮುಂದೆ ಇಡೋಣ ಅಂತ ಬಂದೆ.

ಹದೀಸ್‌ನಲ್ಲಿ, ಅಂದರೆ ಪ್ರವಾದಿಯ ನಡೆ ನುಡಿಗಳ ದಾಖಲೆಯಲ್ಲಿ, ಒಂದು ಸಣ್ಣ ಪ್ರಸಂಗ ಇದೆ. ಪ್ರವಾದಿ ಮುಹಮ್ಮದರು ಪೇಟೆಯಲ್ಲಿ ಹೋಗುತ್ತಿದ್ದಾರೆ. ಒಬ್ಬ ವ್ಯಾಪಾರಿ ಧಾನ್ಯದ ರಾಶಿ ಹಾಕಿಕೊಂಡಿದ್ದಾನೆ. ಅವರು ರಾಶಿಯೊಳಗೆ ಕೈ ಇಳಿಸುತ್ತಾರೆ. ಬೆರಳಿಗೆ ಒದ್ದೆ ತಾಗುತ್ತದೆ. ಇದೇನು ಅಂತ ಕೇಳಿದರೆ, ಮಳೆಗೆ ನೆನೆಯಿತು ಅನ್ನುತ್ತಾನೆ. ಹಾಗಾದರೆ ನೆನೆದದ್ದನ್ನು ಜನ ನೋಡಲಿ ಅಂತ ಮೇಲೆ ಯಾಕೆ ಇಡಲಿಲ್ಲ ಎಂದು ಕೇಳಿದರು. ಮೋಸ ಮಾಡುವವನು ನಮ್ಮವನಲ್ಲ ಎಂದರು.

ಇಲ್ಲಿ ಮಲೆನಾಡಿನವರು ಎಷ್ಟು ಜನ ಇದ್ದೀರಿ? ಹಾಗಾದರೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಂಡಿಯಲ್ಲಿ ಅಡಿಕೆ ಚೀಲದ ಬಾಯಿ ಬಿಚ್ಚಿ ಮೇಲಿನ ನಾಲ್ಕು ಅಡಿಕೆ ನೋಡಿ ರೇಟು ಹೇಳುವವನು ವ್ಯಾಪಾರಿಯೇ ಅಲ್ಲ. ಮೊಣಕೈವರೆಗೆ ಒಳಗೆ ಹೋಗಬೇಕು.

ಆ ಮಾತನ್ನು ಇನ್ನೊಂದು ಸಲ ನೋಡಿ. ಒದ್ದೆ ಕಾಳು ಮಾರಬೇಡ ಅಂತ ಹೇಳಿಲ್ಲ. ಮಳೆ ಬಿದ್ದದ್ದು ಅವನ ತಪ್ಪೂ ಅಲ್ಲ. ಮೇಲೆ ಇಡು ಅಂತ ಹೇಳಿದ್ದು. ನಾವು ಇವತ್ತು ಡಿಸ್‌ಕ್ಲೋಷರ್ ಅಂತ ಪುಟಗಟ್ಟಲೆ ಬರೆಯುತ್ತೇವಲ್ಲ, ಅದರ ತಿರುಳು ಇಷ್ಟೇ. ಹೊಗೆ, ಕೊಳಕು ನೀರು, ಕಡಿದ ಕಾಡು, ಇವೆಲ್ಲ ಇವತ್ತಿನ ಒದ್ದೆ ಕಾಳು. ಅವು ರಾಶಿಯಲ್ಲಿ ಎಲ್ಲಿವೆ ಅನ್ನುವುದು ನನ್ನ ಪ್ರಶ್ನೆ.

ಇಸ್ಲಾಮಿಕ್ ಹಣಕಾಸು ಅಂದರೆ ಏನು ಅಂತ ಬೇಗ ಹೇಳಿ ಮುಗಿಸುತ್ತೇನೆ. ಬಡ್ಡಿ ಇಲ್ಲ. ಜೂಜು ಇಲ್ಲ. ಒಪ್ಪಂದದಲ್ಲಿ ಮಬ್ಬು ಇರಬಾರದು. ಆ ಮಬ್ಬಿಗೆ ಗರಾರ್ ಅನ್ನುತ್ತಾರೆ. ಹೊಳೆಯಲ್ಲಿರುವ ಮೀನನ್ನು ಹಿಡಿಯುವ ಮೊದಲೇ ಮಾರುವುದು ಗರಾರ್. ಮದ್ಯ, ಹಂದಿ ಮಾಂಸ ಇಂಥ ವ್ಯವಹಾರಕ್ಕೆ ದುಡ್ಡು ಕೊಡುವ ಹಾಗಿಲ್ಲ. ಈ ನಿಯಮಗಳ ಪ್ರಕಾರ ನಡೆಯುವ ಹಣಕಾಸಿನ ಆಸ್ತಿ ಜಗತ್ತಿನಾದ್ಯಂತ ಈಗ 4 ಲಕ್ಷ ಕೋಟಿ ಡಾಲರ್‌ಗೂ ಜಾಸ್ತಿ ಇದೆ. ಹೆಚ್ಚಿನದು ಕೊಲ್ಲಿ ದೇಶಗಳು, ಇರಾನ್ ಮತ್ತು ಮಲೇಷ್ಯಾದಲ್ಲಿ.

ಬಡ್ಡಿ ಇಲ್ಲದೆ ಬ್ಯಾಂಕು ಬದುಕುವುದು ಹೇಗೆ? ಒಂದು ಕಾರು ತೆಗೆದುಕೊಳ್ಳಿ. ಗಿರಾಕಿಗೆ ಕಾರು ಬೇಕು. ಬ್ಯಾಂಕು ಅವನಿಗೆ ಸಾಲ ಕೊಡುವುದಿಲ್ಲ. ಶೋರೂಮಿನಿಂದ ತಾನೇ ಕಾರು ಕೊಳ್ಳುತ್ತದೆ. ಅರ್ಧ ಗಂಟೆಯಾದರೂ ಸರಿ, ಕಾರು ಬ್ಯಾಂಕಿನದಾಗಬೇಕು. ಆಮೇಲೆ ಲಾಭ ಸೇರಿಸಿ ಗಿರಾಕಿಗೆ ಕಂತಿನ ಮೇಲೆ ಮಾರುತ್ತದೆ. ಇದಕ್ಕೆ ಮುರಾಬಹ ಎಂದು ಹೆಸರು. ನೀವು ಇದು ಬಡ್ಡಿಯದೇ ಇನ್ನೊಂದು ವೇಷ ಅನ್ನಬಹುದು. ಆ ಜಗಳ ಅವರೊಳಗೇ ಇದೆ, ಅದಕ್ಕೆ ನಾನು ಕೈ ಹಾಕುವುದಿಲ್ಲ. ನನಗೆ ಇದರಲ್ಲಿ ಮುಖ್ಯ ಅನಿಸಿದ್ದು ಬೇರೆ. ಮುರಾಬಹದಲ್ಲಿ ಬ್ಯಾಂಕು ತಾನು ಕೊಂಡ ಬೆಲೆ ಎಷ್ಟು, ತನ್ನ ಲಾಭ ಎಷ್ಟು ಅಂತ ಗಿರಾಕಿಗೆ ಬಿಚ್ಚಿ ಹೇಳಲೇಬೇಕು. ನಮ್ಮ ಯಾವ ಬಟ್ಟೆ ಅಂಗಡಿಯವರು ಅಸಲು ಬೆಲೆ ಹೇಳುತ್ತಾರೆ ಹೇಳಿ?

ಬರೆದಿಡುವ ವಿಷಯದಲ್ಲಂತೂ ಅಲ್ಲಿ ತುಂಬಾ ಕಟ್ಟುನಿಟ್ಟು. ಕುರ್‌ಆನಿನಲ್ಲಿ ಎಲ್ಲಕ್ಕಿಂತ ಉದ್ದದ ವಚನ ಯಾವುದರ ಬಗ್ಗೆ ಇರಬಹುದು ಅಂತ ಊಹಿಸಿ. ಸ್ವರ್ಗದ ಬಗ್ಗೆ ಅಲ್ಲ, ನರಕದ ಬಗ್ಗೆಯೂ ಅಲ್ಲ. ಸಾಲ ಬರೆದಿಡುವ ಬಗ್ಗೆ. ಎರಡನೇ ಅಧ್ಯಾಯದ 282ನೇ ವಚನ. ವಾಯಿದೆ ಸಾಲ ಮಾಡಿದರೆ ಬರೆದುಕೊಳ್ಳಿ, ಬರೆಯುವವನು ನ್ಯಾಯವಾಗಿ ಬರೆಯಲಿ, ಸಾಲ ತಗೊಂಡವನು ಹೇಳಿ ಬರೆಸಲಿ, ಸಾಕ್ಷಿ ಇರಲಿ, ಮೊತ್ತ ಸಣ್ಣದಿರಲಿ ದೊಡ್ಡದಿರಲಿ ಬರೆಯಲು ಬೇಸರಪಡಬೇಡಿ. ಈ ಕೊನೆಯ ಮಾತನ್ನು ಸಿಎ ಆಗಲು ಆರ್ಟಿಕಲ್‌ಶಿಪ್ ಮಾಡುವ ಹುಡುಗರು ಟೇಬಲ್ ಮುಂದೆ ಅಂಟಿಸಿಕೊಳ್ಳಬಹುದು.

ಈಗ ಬಹರೈನ್‌ನ ಕಥೆ. ಬ್ಯಾಂಕಿನ ಹೆಸರು ಬೇಡ. ಗಿರಾಕಿ ಕಂತು ಕಟ್ಟಲು ತಡ ಮಾಡಿದರೆ ದಂಡ ಹಾಕುತ್ತಾರೆ. ಆದರೆ ಆ ದಂಡವನ್ನು ಬ್ಯಾಂಕು ತನ್ನ ಆದಾಯ ಅಂತ ತೋರಿಸುವ ಹಾಗಿಲ್ಲ. ತಡವಾದದ್ದಕ್ಕೆ ದುಡ್ಡು ತಗೊಂಡರೆ ಅದು ಬಡ್ಡಿಯೇ ಆಯಿತಲ್ಲ. ಹಾಗಾಗಿ ಅದು ದಾನದ ನಿಧಿಗೆ ಹೋಗಬೇಕು. ಬಹರೈನ್‌ನಲ್ಲಿ ಆಯೋಫಿ ಅಂತ ಒಂದು ಸಂಸ್ಥೆ ಇದೆ, 1991ರಿಂದ. ಇಸ್ಲಾಮಿಕ್ ಬ್ಯಾಂಕುಗಳಿಗೆ ಲೆಕ್ಕದ ನಿಯಮ ಬರೆಯುವುದು ಅದರ ಕೆಲಸ. ಬ್ಯಾಲೆನ್ಸ್ ಶೀಟು, ಲಾಭ ನಷ್ಟದ ಪಟ್ಟಿಗಳ ಜೊತೆಗೆ ಝಕಾತ್ ಅನ್ನುವ ಕಡ್ಡಾಯ ದಾನ ಮತ್ತು ಬೇರೆ ದಾನದ ನಿಧಿಗೆ ದುಡ್ಡು ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಅನ್ನುವ ಪಟ್ಟಿಯನ್ನೂ ಆ ನಿಯಮ ಕೇಳುತ್ತದೆ. ಸಾಮಾನ್ಯ ಬ್ಯಾಂಕಿನ ವರದಿಯಲ್ಲಿ ಇಂಥ ಪುಟವೇ ಇರುವುದಿಲ್ಲ.

ಆ ಪುಟ ತಾಳೆ ನೋಡುತ್ತಿದ್ದೆ. 3 ದಿನಾರ್ 400 ಫಿಲ್ಸ್ ವ್ಯತ್ಯಾಸ ಬಂತು. ಆಗಿನ ರೇಟಿನಲ್ಲಿ ನಮ್ಮ ಐನೂರು-ಆರುನೂರು ರೂಪಾಯಿ. ಬಿಡಿ ಸಾರ್, ಇದು ಲೆಕ್ಕಕ್ಕೇ ಬರದ ಮೊತ್ತ ಅಂತ ನಾನೇ ಹೇಳಿದೆ. ಅಲ್ಲಿನ ಲೆಕ್ಕದ ಮುಖ್ಯಸ್ಥರು, ವಯಸ್ಸಾದ ಮನುಷ್ಯ, ಒಪ್ಪಲಿಲ್ಲ. "ಅದು ನಮ್ಮ ದುಡ್ಡಲ್ಲ" ಅಂದರು. ಎರಡು ದಿನ ಹುಡುಕಿದೆವು. ಇಬ್ಬರು ಹುಡುಗರು, ನಾನು, ಅವರು. ಕೊನೆಗೆ ಸಿಕ್ಕಿತು. ಒಬ್ಬ ಗಿರಾಕಿಯ ತಡದ ದಂಡ ತಪ್ಪಿ ಬ್ಯಾಂಕಿನ ಆದಾಯದ ಖಾತೆಗೆ ಬಿದ್ದಿತ್ತು. ಅದನ್ನು ತೆಗೆದು ದಾನದ ಖಾತೆಗೆ ಹಾಕಿದ ಮೇಲೆ ಅವರು ಎಲ್ಲರಿಗೂ ಚಹಾ ತರಿಸಿದರು.

ಆ ಗಿರಾಕಿಯ ಫೈಲು ನನ್ನ ಮುಂದೆಯೇ ಇತ್ತು. ಕಾರಿನ ಇನ್‌ವಾಯ್ಸ್ ನೋಡಿದೆ. ಎಂಟು ಸಿಲಿಂಡರಿನ ದೊಡ್ಡ ಗಾಡಿ. ಲೀಟರಿಗೆ ಆರು ಕಿಲೋಮೀಟರ್ ಕೊಟ್ಟರೆ ಪುಣ್ಯ. 3 ದಿನಾರಿಗೆ ಎರಡು ದಿನ ಬೆವರು ಸುರಿಸಿದ ನಾವು ಯಾರೂ ಈ ಗಾಡಿ ಎಷ್ಟು ಹೊಗೆ ಬಿಡುತ್ತದೆ ಅಂತ ಕೇಳಲಿಲ್ಲ. ಅದಕ್ಕೆ ಪುಟವೇ ಇರಲಿಲ್ಲ. ನಾನೂ ಕೇಳಲಿಲ್ಲ. ತಲೆಯಲ್ಲಿ ಕೂತ ಪ್ರಶ್ನೆ ಅಂದೆನಲ್ಲ, ಅದು ಇದು. ಕೊಳೆಯನ್ನು ಬೇರೆ ಖಾತೆಯಲ್ಲಿ ಇಟ್ಟು ಪೈಸೆ ಪೈಸೆ ಲೆಕ್ಕ ಹಾಕುವ ಅಭ್ಯಾಸ ಇವರಿಗೆ ಆಗಲೇ ಇದೆ. ಷೇರಿನಲ್ಲೂ ಅಷ್ಟೇ. ಕಂಪನಿಯ ಆದಾಯದಲ್ಲಿ ಸ್ವಲ್ಪ ಬಡ್ಡಿ ಸೇರಿದ್ದರೆ, ಡಿವಿಡೆಂಡಿನಲ್ಲಿ ಅಷ್ಟು ಪಾಲು ತೆಗೆದು ದಾನ ಮಾಡಿ 'ಶುದ್ಧ' ಮಾಡುತ್ತಾರೆ. ಹಾಗಿದ್ದ ಮೇಲೆ ಹೊಗೆಗೆ ಒಂದು ಪುಟ ಯಾಕಿಲ್ಲ?

ಇಲ್ಲದಿದ್ದರೆ ಏನಾಗುತ್ತದೆ ನೋಡಿ. ಷೇರು ಹಲಾಲೋ ಅಲ್ಲವೋ ಅಂತ ತೀರ್ಮಾನಿಸಲು ಜರಡಿ ಇದೆ. ಕಂಪನಿಯ ಧಂದೆ ಯಾವುದು ಅಂತ ಮೊದಲು ನೋಡುತ್ತಾರೆ. ಆಮೇಲೆ ಬಡ್ಡಿ ಸಾಲ ಎಷ್ಟಿದೆ ಅಂತ. ಆಯೋಫಿ ಪ್ರಕಾರ ಮಾರುಕಟ್ಟೆ ಮೌಲ್ಯದ ಶೇ. 30 ದಾಟಬಾರದು. ಬೇರೆ ಕೆಲವು ಸೂಚ್ಯಂಕಗಳಲ್ಲಿ ಶೇ. 33. ಹಲಾಲ್ ಅಲ್ಲದ ಆದಾಯ ಶೇ. 5 ದಾಟಬಾರದು.

ಈ ಜರಡಿಯಲ್ಲಿ ಎರಡು ಕಂಪನಿ ಹಾಕಿ. ಒಂದು ದೊಡ್ಡ ತೈಲ ಕಂಪನಿ. ಕೈತುಂಬ ದುಡ್ಡು, ಸಾಲ ಕಡಿಮೆ. ಇನ್ನೊಂದು ಗಾಳಿ ವಿದ್ಯುತ್ ಕಂಪನಿ. ಗಾಳಿಗೆ ಕಾಸಿಲ್ಲ, ಆದರೆ ಕಂಬ ನಿಲ್ಲಿಸಲು ಮೊದಲೇ ಎಲ್ಲ ಖರ್ಚು ಆಗಬೇಕು. 100 ರೂಪಾಯಿಯ ಯೋಜನೆಗೆ 70 ರೂಪಾಯಿ ಸಾಲ ಸಾಮಾನ್ಯ. ಜರಡಿ ಅಲ್ಲಾಡಿಸಿ. ತೈಲ ಮೇಲೆ ಉಳಿಯುತ್ತದೆ, ಗಾಳಿ ಕೆಳಗೆ ಉದುರುತ್ತದೆ! ಯಾರ ಕುತಂತ್ರವೂ ಅಲ್ಲ ಇದು. ಜರಡಿಯ ಕಣ್ಣು ಬಡ್ಡಿಯ ಅಳತೆಗೆ ಮಾಡಿದ್ದು, ಹೊಗೆಯ ಅಳತೆಗಲ್ಲ. ತೈಲ ಕಂಪನಿ ಸೌದಿ ಅರಾಮ್ಕೊ 2021ರ ಜೂನ್‌ನಲ್ಲಿ 600 ಕೋಟಿ ಡಾಲರ್ ಸುಕೂಕ್, ಅಂದರೆ ಒಂಥರಾ ಇಸ್ಲಾಮಿಕ್ ಬಾಂಡ್, ಹೊರಡಿಸಿತು. ಕೊಳ್ಳಲು ಬಂದವರ ಬೇಡಿಕೆ ಅದರ ಹತ್ತು ಪಟ್ಟಿತ್ತು. ಶರಿಯಾ ಪ್ರಕಾರ ಅದರಲ್ಲಿ ತಕರಾರು ಇರಲಿಲ್ಲ.

ಸುಕೂಕ್ ಅಂದರೆ ಬಾಂಡಿನ ಹಾಗೆ, ಆದರೆ ಸಾಲಪತ್ರ ಅಲ್ಲ. ಒಂದು ಕಟ್ಟಡವೋ ಯಂತ್ರವೋ ಯಾವುದೋ ಆಸ್ತಿಯಲ್ಲಿ ನಿಮಗೆ ಪಾಲು. ಬಡ್ಡಿ ಬದಲು ಬಾಡಿಗೆಯೋ ಲಾಭವೋ ಬರುತ್ತದೆ. ಹಾಗಂತ ಕಾಗದದಲ್ಲಿ ಇರುತ್ತದೆ. ಪಾಕಿಸ್ತಾನದ ವಿದ್ವಾಂಸ ತಕಿ ಉಸ್ಮಾನಿ ಆಯೋಫಿಯ ಶರಿಯಾ ಮಂಡಳಿಯ ಮುಖ್ಯಸ್ಥರಾಗಿದ್ದಾಗಲೇ, 2007ರಲ್ಲಿ, ಚಾಲ್ತಿಯಲ್ಲಿರುವ ಸುಕೂಕ್‌ಗಳಲ್ಲಿ ಶೇ. 85ರಷ್ಟು ಸರಿಯಾಗಿಲ್ಲ ಅಂತ ಹೇಳಿ ಮಾರುಕಟ್ಟೆಯ ನಿದ್ದೆ ಕೆಡಿಸಿದರು. ಒಳಗಿನವರೇ ರಾಶಿಗೆ ಕೈ ಹಾಕಿದ ಗಳಿಗೆ ಅದು.

ಇನ್ನು ಹಸಿರು ಸುಕೂಕ್. ಮಲೇಷ್ಯಾದ ಷೇರು ನಿಯಂತ್ರಕರು 2014ರಲ್ಲಿ ಸಮಾಜಕ್ಕೂ ಪರಿಸರಕ್ಕೂ ಒಳ್ಳೆಯದಾಗುವ ಕೆಲಸಗಳಿಗಾಗಿ ಸುಕೂಕ್ ನಿಯಮ ತಂದರು. 2017ರ ಜುಲೈನಲ್ಲಿ ಜಗತ್ತಿನ ಮೊದಲ ಹಸಿರು ಸುಕೂಕ್ ಬಂತು. ತಡಾವ್ ಎನರ್ಜಿ ಅನ್ನುವ ಕಂಪನಿ, 25 ಕೋಟಿ ರಿಂಗಿಟ್. ಬೋರ್ನಿಯೊ ದ್ವೀಪದ ಸಬಾ ರಾಜ್ಯದಲ್ಲಿ ಕುಡಾಟ್ ಅಂತ ಊರಿದೆ, ಅಲ್ಲಿ 50 ಮೆಗಾವ್ಯಾಟ್ ಸೌರ ಘಟಕಕ್ಕೆ. ನಾರ್ವೆಯ ಸಿಸೆರೊ ಸಂಸ್ಥೆ ಇದಕ್ಕೆ 'ಕಡು ಹಸಿರು' ಅಂತ ಸರ್ಟಿಫಿಕೇಟ್ ಕೊಟ್ಟಿತು.

ಸೌರ ಅಲ್ವಾ, ಇದರಲ್ಲಿ ಲೆಕ್ಕ ಹಾಕಲು ಏನಿದೆ ಅನಿಸಬಹುದು. ಪೆನ್ನು ತೆಗೆಯಿರಿ, ಸುಮ್ನೆ ಹಾಕಿ ನೋಡೋಣ. ಇದು ಆ ಕಂಪನಿಯ ಅಂಕಿ ಅಲ್ಲ, ನಮ್ಮ ಅಂದಾಜು. 50 ಮೆಗಾವ್ಯಾಟ್ ಘಟಕ ಆ ಬಿಸಿಲಿಗೆ ವರ್ಷಕ್ಕೆ ಏಳೂವರೆ ಕೋಟಿ ಯೂನಿಟ್ ಕೊಡುತ್ತದೆ ಅಂತ ಇಟ್ಟುಕೊಳ್ಳಿ. ಇದರಿಂದ ಎಷ್ಟು ಹೊಗೆ ತಪ್ಪಿತು? ಸೌರ ವಿದ್ಯುತ್ ಬರದೇ ಇದ್ದಿದ್ದರೆ ಆ ವಿದ್ಯುತ್ ಎಲ್ಲಿಂದ ಬರುತ್ತಿತ್ತು ಅನ್ನುವುದರ ಮೇಲೆ ನಿಂತಿದೆ ಅದು. ಕಲ್ಲಿದ್ದಲಿನಿಂದ ಅಂದರೆ ಯೂನಿಟ್ಟಿಗೆ ಹತ್ತಿರ ಹತ್ತಿರ ಒಂದು ಕಿಲೋ ಇಂಗಾಲದ ಡೈಆಕ್ಸೈಡ್. ಹಾಗಾದರೆ ವರ್ಷಕ್ಕೆ 75,000 ಟನ್ ಉಳಿತಾಯ. ಅನಿಲದಿಂದ ಅಂದರೆ ಯೂನಿಟ್ಟಿಗೆ ಅರ್ಧ ಕಿಲೋಗೂ ಕಡಿಮೆ, 450 ಗ್ರಾಂ ಅನ್ನಿ. ಆಗ ಉಳಿತಾಯ 34,000 ಟನ್ನೂ ಆಗುವುದಿಲ್ಲ.

ಅದೇ ಪ್ಯಾನೆಲ್ಲು, ಅದೇ ಬಿಸಿಲು, ಅದೇ ಸುಕೂಕ್. ಉತ್ತರ ಎರಡು. ಒಂದು ಇನ್ನೊಂದರ ಎರಡು ಪಟ್ಟಿಗೂ ಜಾಸ್ತಿ.

ಸಬಾದಲ್ಲಿ ಕಲ್ಲಿದ್ದಲು ಸ್ಥಾವರ ಇಲ್ಲ. ಲಹಾದ್ ದಾತು ಕಡೆ ಒಂದು ಕಟ್ಟಬೇಕು ಅಂತ ಇತ್ತು. ಜನ ಗಲಾಟೆ ಮಾಡಿದರು, 2011ರಲ್ಲಿ ಸರಕಾರ ಕೈಬಿಟ್ಟಿತು. ಅಲ್ಲಿ ಹೆಚ್ಚಾಗಿ ಅನಿಲದ ವಿದ್ಯುತ್. ಆಚೆ ಕ್ವಾಲಾಲಂಪುರದ ಕಡೆ ಕಲ್ಲಿದ್ದಲು ಬೇಕಾದಷ್ಟಿದೆ, ಆದರೆ ಎರಡರ ನಡುವೆ ಸಮುದ್ರ. ಹಾಗಾಗಿ ಇಡೀ ದೇಶದ ಸರಾಸರಿ ಹಿಡಿದರೆ ಒಂದು ಅಂಕಿ, ಸಬಾದ್ದೇ ಹಿಡಿದರೆ ಬೇರೆ ಅಂಕಿ. ಯಾವುದೂ ಸುಳ್ಳಲ್ಲ. ವರದಿಯಲ್ಲಿ ಬರೀ 'ಇಷ್ಟು ಟನ್ ಉಳಿಸಿದೆವು' ಅಂತ ದಪ್ಪ ಅಕ್ಷರದಲ್ಲಿ ಇದ್ದರೆ ಓದುವವನಿಗೆ ಏನೂ ತಿಳಿಯುವುದಿಲ್ಲ. ಯಾವುದಕ್ಕೆ ಹೋಲಿಸಿದಿರಿ ಅನ್ನುವ ಸಾಲು ಜೊತೆಗಿರಬೇಕು. ನನ್ನ ಮಟ್ಟಿಗೆ ಹಸಿರು ವರದಿಯಲ್ಲಿ ಮೊದಲು ಓದಬೇಕಾದ ಸಾಲು ಅದು. ಸಾಮಾನ್ಯವಾಗಿ ಅದನ್ನು ಕೊನೆಯ ಅನುಬಂಧದಲ್ಲಿ, ಇರುವೆ ಗಾತ್ರದ ಅಕ್ಷರದಲ್ಲಿ ಇಟ್ಟಿರುತ್ತಾರೆ. ರಾಶಿಯ ಅಡಿಯಲ್ಲಿ.

ಮುಂದಿನ ವರ್ಷ, 2018ರ ಮಾರ್ಚ್‌ನಲ್ಲಿ, ಇಂಡೊನೇಷ್ಯಾ ಸರಕಾರವೇ ಹಸಿರು ಸುಕೂಕ್ ಹೊರಡಿಸಿತು. 125 ಕೋಟಿ ಡಾಲರ್, ಐದು ವರ್ಷಕ್ಕೆ. ಮರುವರ್ಷದ ನವೆಂಬರ್‌ನಲ್ಲಿ ಸಾಮಾನ್ಯ ಜನರಿಗೂ ತೆರೆಯಿತು. ಕನಿಷ್ಠ 10 ಲಕ್ಷ ರೂಪಾಯ. ಹೆದರಬೇಡಿ, ಅವರ ರೂಪಾಯ, ನಮ್ಮ ಸುಮಾರು 5,000 ರೂಪಾಯಿ.

ಇಂಡೊನೇಷ್ಯಾದವರ ಒಂದು ಕೆಲಸ ನನಗೆ ಇಷ್ಟ. ಸುಕೂಕ್ ಹೊರಡಿಸುವ ಎರಡು ವರ್ಷ ಮೊದಲೇ ಅವರು ಬಜೆಟ್ಟಿನ ಸಾಲುಗಳಿಗೆ ಗುರುತು ಹಾಕಲು ಶುರು ಮಾಡಿದ್ದರು. ಈ ಸಾಲಿನ ಖರ್ಚು ಹವಾಮಾನಕ್ಕೆ ಸಂಬಂಧಿಸಿದ್ದು ಅಂತ ಇಲಾಖೆಯವರೇ ಗುರುತು ಮಾಡಬೇಕು. ಹಾಗೆ ಗುರುತಾದ ಕೆಲಸಗಳಿಂದ ಸುಕೂಕ್‌ಗೆ ಆರಿಸಿದರು. ನೀವು ಬ್ಯಾಂಕಿನ ಸ್ಟೇಟ್‌ಮೆಂಟಿನಲ್ಲಿ ಪೆನ್ಸಿಲ್ ಟಿಕ್ ಹಾಕುತ್ತೀರಲ್ಲ, ಅದೇ ಕೆಲಸ, ಒಂದು ದೇಶದ ಮಟ್ಟದಲ್ಲಿ. ದುಡ್ಡು ಯಾವ ಯೋಜನೆಗೆ ಹೋಯಿತು, ಏನು ಫಲ ಬಂತು ಅಂತ ಹಣಕಾಸು ಇಲಾಖೆ ವರದಿಯನ್ನೂ ಹೊರಗೆ ಹಾಕುತ್ತದೆ. ಮೊದಲ ವರದಿ 2019ರಲ್ಲಿ ಬಂತು.

ಆ ದುಡ್ಡಿನಲ್ಲಿ ಅರ್ಧಕ್ಕಿಂತ ತುಸು ಜಾಸ್ತಿ, ಶೇ. 51, ಆಗಲೇ ಮಾಡಿ ಮುಗಿಸಿದ ಕೆಲಸಗಳಿಗೆ ಹಾಕಿದ್ದ ಹಣವನ್ನು ತುಂಬಿಕೊಳ್ಳಲು ಹೋಯಿತು. ಉಳಿದದ್ದು ಹೊಸ ಕೆಲಸಕ್ಕೆ. ಇದನ್ನು ಅವರು ಮುಚ್ಚಿಡಲಿಲ್ಲ, ಒದ್ದೆ ಕಾಳನ್ನು ಮೇಲೆಯೇ ಇಟ್ಟರು. ಆದರೆ ನೀವು ಹೂಡಿಕೆದಾರರಾಗಿ ಕೇಳಬೇಕಾದದ್ದು ಬೇರೆ. ನನ್ನ ದುಡ್ಡು ಬರದಿದ್ದರೂ ಆ ಕೆಲಸ ಆಗಿಯೇ ಇತ್ತಲ್ಲ? ಹಾಗಾದರೆ ತಪ್ಪಿದ ಹೊಗೆ ನನ್ನ ಲೆಕ್ಕಕ್ಕೆ ಹೇಗೆ ಬಂತು?

ಇನ್ನೊಂದು ಸೂಕ್ಷ್ಮ ಇದೆ, ಕಾಮರ್ಸ್‌ನವರು ಗಮನಿಸಬೇಕಾದ್ದು. ಸುಕೂಕ್‌ಗೆ ಆಸ್ತಿ ಬೇಕು ಅಂದೆನಲ್ಲ. ಸರಕಾರಿ ಸುಕೂಕ್‌ನಲ್ಲಿ ಆ ಆಸ್ತಿ ಸರಕಾರದ ಯಾವುದೋ ಜಾಗ, ಕಟ್ಟಡ ಆಗಿರಬಹುದು. ಶರಿಯಾ ಕಾಗದದ ಪಟ್ಟಿಯಲ್ಲಿ ಅದು ಇರುತ್ತದೆ. ಹಸಿರು ವರದಿಯ ಪಟ್ಟಿಯಲ್ಲಿ ರೈಲು, ಸೌರ ದೀಪ, ನೆರೆ ತಡೆಯುವ ಕೆಲಸ ಇರುತ್ತವೆ. ಎರಡು ಪಟ್ಟಿ, ಎರಡಕ್ಕೂ ಬೇರೆ ಬೇರೆ ಪರಿಶೀಲಕರು. ಮೊದಲನೆಯದನ್ನು ಶರಿಯಾ ಮಂಡಳಿ ನೋಡುತ್ತದೆ, ಎರಡನೆಯದನ್ನು ಹಸಿರು ಸರ್ಟಿಫಿಕೇಟ್ ಕೊಡುವವರು. ಎರಡನ್ನೂ ಒಟ್ಟಿಗೆ ಮೇಜಿನ ಮೇಲೆ ಇಟ್ಟುಕೊಂಡು ತಾಳೆ ನೋಡುವ ಕುರ್ಚಿ ಖಾಲಿ ಇದೆ.

ಅಂದ ಹಾಗೆ ಇಂಡೊನೇಷ್ಯಾಕ್ಕೆ ಸಿಸೆರೊ ಕೊಟ್ಟದ್ದು 'ಮಧ್ಯಮ ಹಸಿರು'. ಭಾರತ ಸರಕಾರ 2023ರ ಜನವರಿಯಲ್ಲಿ ಮೊದಲ ಸಲ 8,000 ಕೋಟಿ ರೂಪಾಯಿಯ ಹಸಿರು ಬಾಂಡ್ ಹೊರಡಿಸಿತಲ್ಲ, ನಮಗೂ ಸಿಕ್ಕಿದ್ದು ಅದೇ, ಮಧ್ಯಮ ಹಸಿರು. ಅಲ್ಲಿ ಸುಕೂಕ್, ಇಲ್ಲಿ ಬಡ್ಡಿಯ ಬಾಂಡ್. ಹೊಗೆಗೆ ಆ ವ್ಯತ್ಯಾಸ ಗೊತ್ತಿಲ್ಲ.

ಇಂಡೊನೇಷ್ಯಾದ್ದೇ ಇನ್ನೊಂದು ಅಂಕಿ ಕೊಡುತ್ತೇನೆ. 2015ರಲ್ಲಿ ಅಲ್ಲಿ ಕಾಡಿಗೂ ಜೌಗು ನೆಲಕ್ಕೂ ಬೆಂಕಿ ಬಿತ್ತು. ತಾಳೆ ಎಣ್ಣೆ ತೋಟ, ಕಾಗದದ ಮರಗಳ ತೋಟಕ್ಕಾಗಿ ನೆಲ ಸುಟ್ಟು ಚೊಕ್ಕ ಮಾಡುವುದು ದೊಡ್ಡ ಕಾರಣ. ಜೂನ್‌ನಿಂದ ಅಕ್ಟೋಬರ್ ಒಳಗೆ 26 ಲಕ್ಷ ಹೆಕ್ಟೇರ್ ಸುಟ್ಟಿತು. ಕರ್ನಾಟಕದ ಏಳನೇ ಒಂದು ಭಾಗಕ್ಕೆ ಹತ್ತಿರ. ವಿಶ್ವ ಬ್ಯಾಂಕಿನ ಅಂದಾಜಿನಲ್ಲಿ ನಷ್ಟ 1,600 ಕೋಟಿ ಡಾಲರ್. ಆ 125 ಕೋಟಿ ಡಾಲರ್ ಸುಕೂಕ್ ಪಕ್ಕದಲ್ಲಿ ಇದನ್ನು ಇಟ್ಟು ನೋಡಿ.

ಆದರೆ ಆ ದೇಶದ ಜಿಡಿಪಿಯಲ್ಲಿ ಸುಟ್ಟ ಕಾಡನ್ನು ಕಳೆಯುವುದಿಲ್ಲ. ಬೆಂಕಿ ಆರಿಸಲು ಹಾರಿದ ಹೆಲಿಕಾಪ್ಟರಿನ ಖರ್ಚು ಮಾತ್ರ ಸೇರುತ್ತದೆ. ಆಸ್ಪತ್ರೆ ಬಿಲ್ಲು ಸೇರುತ್ತದೆ. ಅಂಗಡಿಯ ದಾಸ್ತಾನು ಸುಟ್ಟರೆ ನೀವು ಸ್ಟಾಕ್ ರಿಜಿಸ್ಟರಿನಲ್ಲಿ ಕಳೆಯುತ್ತೀರಿ, ಅಲ್ವಾ? ದೇಶಕ್ಕೆ ಆ ರಿಜಿಸ್ಟರೇ ಇರಲಿಲ್ಲ. 2012ರಲ್ಲಿ ವಿಶ್ವಸಂಸ್ಥೆ ಪರಿಸರ ಲೆಕ್ಕದ ಚೌಕಟ್ಟು ಒಪ್ಪಿಕೊಂಡಿತು, 2021ರಲ್ಲಿ ಕಾಡು, ಕೆರೆ, ಜೌಗುಗಳ ಲೆಕ್ಕಕ್ಕೂ ಅದನ್ನು ಬೆಳೆಸಿತು. ವರ್ಷದ ಮೊದಲು ಎಷ್ಟು ಕಾಡಿತ್ತು, ಎಷ್ಟು ಬೆಳೆಯಿತು, ಎಷ್ಟು ಹೋಯಿತು, ಎಷ್ಟು ಉಳಿಯಿತು. ಆರಂಭಿಕ ಶಿಲ್ಕು, ಅಂತಿಮ ಶಿಲ್ಕು.

ಇಂಡೊನೇಷ್ಯಾದ ಉಲೇಮಾ ಮಂಡಳಿ, ಅಂದರೆ ಧರ್ಮ ವಿದ್ವಾಂಸರ ಮಂಡಳಿ, 2016ರಲ್ಲಿ ಕಾಡು, ನೆಲ ಸುಡುವುದು ಹರಾಮ್, ನಿಷಿದ್ಧ ಅಂತ ಫತ್ವಾ ಕೊಟ್ಟಿತು. ಇಲ್ಲೊಂದು ಕೊಂಡಿ ಜೋಡಿಸಬಹುದು, ಆದರೆ ಯಾರೂ ಸರಿಯಾಗಿ ಜೋಡಿಸಿಲ್ಲ ಅನ್ನುವುದು ನನ್ನ ದೂರು. ಸುಡುವುದು ಹರಾಮ್ ಆದರೆ, ಸುಟ್ಟ ನೆಲದ ತೋಟದ ಆದಾಯ? ಮದ್ಯದ ಆದಾಯ ಶೇ. 5 ದಾಟಿತೋ ಅಂತ ನೋಡುವ ಜರಡಿ, ಈ ಆದಾಯ ಎಷ್ಟು ಅಂತ ಯಾಕೆ ನೋಡಬಾರದು? ಮದ್ಯದ ಬಿಲ್ಲು ಕೈಗೆ ಸಿಗುತ್ತದೆ. ಸುಟ್ಟ ನೆಲಕ್ಕೆ ಬಿಲ್ಲಿಲ್ಲ, ಉಪಗ್ರಹದ ಚಿತ್ರ ಇದೆ. ಮೌಲ್ವಿಗಳು ಆಗಬೇಕಾದ ಮಾತು ಆಡಿಯಾಗಿದೆ. ಈಗ ಕೆಲಸ ಇರುವುದು ನಮ್ಮಂಥ ಲೆಕ್ಕದವರಿಗೆ.

ಇದು ಹೊಸ ಫ್ಯಾಷನ್, ಪಶ್ಚಿಮದ ಗಾಳಿ ಅನ್ನುವವರಿಗೆ ಹಿಮಾ ಬಗ್ಗೆ ಹೇಳಬೇಕು. ನಮ್ಮ ಗೋಮಾಳದ ಹಾಗೆ ಕಾದಿಟ್ಟ ಹುಲ್ಲುಗಾವಲು. ಖಲೀಫ ಉಮರ್ ಹಿಮಾ ಕಾಯಲು ಹುನಯ್ ಅನ್ನುವವನನ್ನು ನೇಮಿಸಿದರು. ನಾಲ್ಕು ಒಂಟೆ, ನಾಲ್ಕು ಕುರಿ ಇರುವ ಬಡವನನ್ನು ಒಳಗೆ ಬಿಡು, ಇಬ್ನ್ ಔಫ್ ಮತ್ತು ಇಬ್ನ್ ಅಫ್ಫಾನ್ ಅವರ ಹಿಂಡನ್ನು ಬಿಡಬೇಡ ಎಂದರು. ಇಬ್ಬರೂ ಪ್ರವಾದಿಯ ಹತ್ತಿರದ ಸಂಗಡಿಗರು, ದೊಡ್ಡ ಶ್ರೀಮಂತರು. ಅವರ ಹಿಂಡು ಸತ್ತರೆ ಅವರಿಗೆ ತೋಟ, ಹೊಲ ಇದೆ, ಬಡವನ ಕುರಿ ಸತ್ತರೆ ಅವನು ನನ್ನ ಬಾಗಿಲಿಗೆ ಬರುತ್ತಾನೆ ಅನ್ನುವುದು ಅವರ ಕಾರಣ. ಯಾರು ಎಷ್ಟು ಮೇಯಿಸುತ್ತಾರೆ ಅಂತ ಲೆಕ್ಕ ಇಡದೆ ಇದನ್ನು ಮಾಡಲು ಸಾಧ್ಯವೇ? ನಮ್ಮ ಊರುಗಳ ಗೋಮಾಳ ಏನಾಯಿತು ಅಂತ ನಿಮಗೆ ಗೊತ್ತು, ನಾನು ಹೇಳುವುದಿಲ್ಲ.

ಈಗ ಬೋರ್ಡಿನ ಮೇಲಿನ ಆರನೇ ಪದ. ಹಿಸಾಬು. ಅದೇ ಮೂಲದಿಂದ ಬಂದ ಇನ್ನೊಂದು ಪದ ಮುಹ್ತಸಿಬ್. ಹಳೆಯ ಇಸ್ಲಾಮಿಕ್ ನಗರಗಳಲ್ಲಿ ಪೇಟೆ ತಪಾಸಣೆ ಮಾಡುವ ಅಧಿಕಾರಿ. ತಕ್ಕಡಿ ಸರಿ ಇದೆಯೇ, ಹಾಲಿಗೆ ನೀರು ಬೆರೆಸಿದ್ದಾರೆಯೇ, ದಾರಿಗೆ ಕೊಳಚೆ ಬಿಟ್ಟಿದ್ದಾರೆಯೇ ಅಂತ ನೋಡುವುದು ಅವನ ಕೆಲಸ. ಲೆಕ್ಕವೂ ನೈರ್ಮಲ್ಯವೂ ಒಂದೇ ಕುರ್ಚಿಯಲ್ಲಿ ಇದ್ದವು. ಅವನನ್ನು ನೇಮಿಸುತ್ತಿದ್ದದ್ದು ಸರಕಾರ, ಅಂಗಡಿಯವನಲ್ಲ.

ಇವತ್ತು ಶರಿಯಾ ಮಂಡಳಿಗೆ ಸಂಭಾವನೆ ಕೊಡುವುದು ಅದೇ ಬ್ಯಾಂಕು. ಹಸಿರು ಸರ್ಟಿಫಿಕೇಟಿಗೆ ಫೀಸು ಕಟ್ಟುವುದು ಸುಕೂಕ್ ಹೊರಡಿಸುವವರು. ಆಡಿಟ್ ಫೀಸೂ ಹಾಗೇ, ಅದನ್ನು ತಿಂದೇ ನಾನು ಬದುಕಿದ್ದು, ಹಾಗಾಗಿ ಜಾಸ್ತಿ ಬೈಯುವುದಿಲ್ಲ. ಸ್ವಲ್ಪ ಬದಲಾಗುತ್ತಿದೆ. ಮಲೇಷ್ಯಾದ ಕೇಂದ್ರ ಬ್ಯಾಂಕು 2021ರಲ್ಲಿ, ಬ್ಯಾಂಕುಗಳು ತಾವು ಕೊಟ್ಟ ಹಣವನ್ನು ಹವಾಮಾನದ ದೃಷ್ಟಿಯಿಂದ ವಿಂಗಡಿಸಬೇಕು ಅಂತ ಮಾರ್ಗಸೂಚಿ ತಂದಿತು. ಇಸ್ಲಾಮಿಕ್ ಬ್ಯಾಂಕು, ಬೇರೆ ಬ್ಯಾಂಕು ಎಲ್ಲಕ್ಕೂ ಒಂದೇ.

ಹಣೆಪಟ್ಟಿ ನಂಬಿದರೆ ಏನಾಗುತ್ತದೆ ಅಂತ ನಾವು ಮಲೇಷ್ಯಾಕ್ಕೆ ಹೋಗಿ ಕಲಿಯಬೇಕಿಲ್ಲ. 2019ರಲ್ಲಿ ಬೆಂಗಳೂರಿನಲ್ಲಿ 'ಹಲಾಲ್' ಹೂಡಿಕೆ ಅಂತ ದುಡ್ಡು ಕಟ್ಟಿದ್ದ ಸಾವಿರಾರು ಜನ ದೂರು ಕೊಡಲು ಸಾಲು ನಿಂತಿದ್ದನ್ನು ನೀವು ಟಿವಿಯಲ್ಲಿ ನೋಡಿರುತ್ತೀರಿ. ಮಗಳ ಮದುವೆಗೆ ಇಟ್ಟ ದುಡ್ಡು, ಗಲ್ಫ್‌ನಲ್ಲಿ ದುಡಿದ ದುಡ್ಡು. ಅವರಿಗೆ ಹಲಾಲ್ ಅನ್ನುವ ಪದ ಕಾಣಿಸುತ್ತಿತ್ತು. ಬ್ಯಾಲೆನ್ಸ್ ಶೀಟು ಕಾಣಿಸಲಿಲ್ಲ. 'ಹಸಿರು' ಅನ್ನುವ ಪದಕ್ಕೂ ಅದೇ ಗತಿ ಬರಬಾರದು ಅಂತ ಇಲ್ಲವಲ್ಲ.

ಇಷ್ಟು ಹೇಳಿ ನಿಲ್ಲಿಸಿದೆ. ಪ್ರಶ್ನೆಗಳು ಬಂದವು.

ಹಿಂದಿನ ಬೆಂಚಿನ ಒಬ್ಬ ಹುಡುಗ ಎದ್ದು, "ಸರ್, ಇಲ್ಲಿ ಇಸ್ಲಾಮಿಕ್ ಬ್ಯಾಂಕ್ ಇದೆಯಾ?" ಅಂತ ಕೇಳಿದ. ಇಲ್ಲ ಎಂದೆ. 2008ರಲ್ಲಿ ರಘುರಾಮ್ ರಾಜನ್ ಸಮಿತಿ ಬಡ್ಡಿ ಇಲ್ಲದ ಬ್ಯಾಂಕಿಂಗ್ ಬಗ್ಗೆ ಶಿಫಾರಸು ಮಾಡಿತ್ತು. 2017ರಲ್ಲಿ ರಿಸರ್ವ್ ಬ್ಯಾಂಕ್ ಆ ಪ್ರಸ್ತಾವ ಮುಂದುವರಿಸುವುದಿಲ್ಲ ಅಂತ ಹೇಳಿತು. ಶರಿಯಾ ಜರಡಿ ಹಿಡಿದ ಷೇರು ಸೂಚ್ಯಂಕ, ಮ್ಯೂಚುವಲ್ ಫಂಡ್ ಮಾತ್ರ ಇವೆ.

ಮುಂದೆ ಕೂತಿದ್ದ ಒಬ್ಬಳು ಹುಡುಗಿ ಬಹಳ ಹೊತ್ತಿನಿಂದ ಏನೋ ಲೆಕ್ಕ ಹಾಕುತ್ತಿದ್ದಳು. "ಸರ್, ಆ ದೊಡ್ಡ ಕಾರಿಗೆ ಹೊಗೆಯ ಪುಟ ಬರೆದಿದ್ದರೆ ಹೇಗಿರ್ತಿತ್ತು?" ಎಂದಳು.

ಬೋರ್ಡು ಒರೆಸಿ ಬರೆದೆ. ವರ್ಷಕ್ಕೆ 20,000 ಕಿಲೋಮೀಟರ್ ಓಡುತ್ತದೆ ಅನ್ನೋಣ. ಲೀಟರಿಗೆ 6 ಕಿಲೋಮೀಟರ್. ಒಂದು ಲೀಟರ್ ಪೆಟ್ರೋಲ್ ಸುಟ್ಟರೆ 2.3 ಕಿಲೋ ಇಂಗಾಲದ ಡೈಆಕ್ಸೈಡ್. ವರ್ಷಕ್ಕೆ 7.7 ಟನ್, ಐದು ವರ್ಷಕ್ಕೆ 38 ಟನ್. ಬ್ಯಾಂಕಿನ ಪಾಲು ಎಷ್ಟು? ಈಗ ಬ್ಯಾಂಕುಗಳು ಬಳಸುವ ಕ್ರಮದಲ್ಲಿ, ಕಾರಿನ ಬೆಲೆಯಲ್ಲಿ ಬ್ಯಾಂಕಿಗೆ ಬರಬೇಕಾದ ಬಾಕಿ ಎಷ್ಟು ಭಾಗವೋ ಹೊಗೆಯಲ್ಲೂ ಅಷ್ಟು ಭಾಗ. ಗಿರಾಕಿ ಮೊದಲೇ ಐದನೇ ಒಂದು ಭಾಗ ಕಟ್ಟಿದ್ದರೆ, ವರ್ಷದ ಆರಂಭದ ಬಾಕಿ ಹಿಡಿದು ಮೊದಲ ವರ್ಷ ಶೇ. 80, ಆಮೇಲೆ 64, 48, 32, 16. ಕೂಡಿದರೆ 18 ಟನ್ ಚಿಲ್ಲರೆ. ಬ್ಯಾಂಕು ತನ್ನ ಪುಟದಲ್ಲಿ ಬರೆಯುವುದು ಅಷ್ಟು.

"ಐದು ವರ್ಷ ಆದ ಮೇಲೆ?"

"ಬಾಕಿ ಸೊನ್ನೆ. ಹೊಗೆಯ ಪಾಲೂ ಸೊನ್ನೆ."

"ಆದ್ರೆ ಕಾರು ಓಡ್ತಾನೇ ಇರುತ್ತಲ್ಲ ಸರ್."

"ಇನ್ನೂ ಹತ್ತು ವರ್ಷ ಓಡುತ್ತೆ."

"ಅದು ಯಾರ ಲೆಕ್ಕಕ್ಕೆ?"

"ಕಾರಿನವರ ಲೆಕ್ಕಕ್ಕೆ" ಎಂದೆ. "ಕಾರಿನವರು ಲೆಕ್ಕ ಬರೆಯುವುದಿಲ್ಲ."

ಅವಳು ನೋಟ್‌ಬುಕ್ಕಿನಲ್ಲಿ ಐದನೇ ವರ್ಷದ ಕೆಳಗೆ ಇನ್ನೂ ಹತ್ತು ಗೆರೆ ಎಳೆದಳು. ಬಾಕಿಯ ಕಾಲಮ್ಮಿನಲ್ಲಿ ಹತ್ತು ಸೊನ್ನೆ ಬರೆದು, ಪಕ್ಕದ ಕಾಲಮ್ಮಿನಲ್ಲಿ 7.7, 7.7 ಅಂತ ಇಳಿಸುತ್ತಾ ಹೋದಳು.